ಕಾಕಾನ ಲ್ಯಾಂಡ್‌ಮಾಸ್ಟರ್, ನಿಜಾಮನ ಹಳದಿ ಕಾರು

2023ರ ಜನವರಿ 18. ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಕ್ಯಾಬ್‌ನೊಳಗೆ ಸಿಕ್ಕಿಹಾಕಿಕೊಂಡು ಕೂತಿದ್ದೆ. ಬೀದರದಿಂದ ಕಾಕುನ ಫೋನು.

"ನಿಮ್ಮ ಕಾಕಾಗ ಹುಚ್ಚ ಹಿಡದದ ನೋಡು. ನಸುಕಿನ ಬಸ್ಸಿಗೆ ಹೈದ್ರಾಬಾದಿಗೆ ಹೋಗ್ಯಾರ. ನಿಜಾಮ ಸತ್ತಾನಂತ, ಮಾರಿ ನೋಡ್ಲಕ್ಕ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಯಾಕಂದ್ರೆ ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ತನ್ನ ಹಳೇ ಲ್ಯಾಂಡ್‌ಮಾಸ್ಟರ್ ಕಾರನ್ನ ತೊಳೆದು, ಬಾನೆಟ್ಟಿಗೆ ತ್ರಿವರ್ಣ ಧ್ವಜ ಕಟ್ಟಿ, ಬೀದರ್ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದವನು ಇದೇ ಕಾಕಾ. ನಿಜಾಮನ ಆಳ್ವಿಕೆ ಮುಗಿದ ದಿನ ಅದು. ನಾವು ಚಿಕ್ಕವರಿದ್ದಾಗ ಅದಕ್ಕೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅಂತ ಹೆಸರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನ. ಹೆಸರು ಬದಲಾದರೂ ಕಾಕಾನ ಸುತ್ತು ಬದಲಾಗಲಿಲ್ಲ. ಅಂಥವನು ಎಪ್ಪತ್ತೇಳನೇ ವಯಸ್ಸಿನಲ್ಲಿ, ಮೊಣಕಾಲು ನೋವು ಹೊತ್ತುಕೊಂಡು, ನೂರಾನಲವತ್ತು ಕಿಲೋಮೀಟರ್ ದೂರ ನಿಜಾಮನ ಮೊಮ್ಮಗನ ಶವ ನೋಡಲು ಹೋಗಿದ್ದ.

ಕಾಕಾ ಹೋಗಿ ಈಗ ಒಂದು ವರ್ಷ ದಾಟಿತು. ಅವನು ಸದಸ್ಯನಾಗಿದ್ದ ಹೈದರಾಬಾದಿನ ಹಳೇ ಕಾರಿನ ಕ್ಲಬ್ಬಿನವರು ಒಂದು ಭಾನುವಾರ ಡ್ರೈವ್ ಶುರು ಮಾಡುವ ಮುಂಚೆ ಅವನ ಹೆಸರಿನಲ್ಲಿ ಎರಡು ನಿಮಿಷ ಎಂಜಿನ್ ಬಂದ್ ಮಾಡಿ ನಿಂತರಂತೆ. ವಿಡಿಯೋ ಕಳಿಸಿದ್ದರು. ಜೊತೆಗೆ, "ನೀವು ಬರೀತೀರಲ್ಲ, ಅವರ ಬಗ್ಗೆ ಎರಡು ಪುಟ ಬರೆದುಕೊಡಿ" ಅಂತ ಕೇಳಿದ್ದರು. ಬರೆದುಕೊಟ್ಟೆ. ಹುಟ್ಟಿದ ಊರು ಭಾಲ್ಕಿ, ವರ್ಕ್‌ಶಾಪು ಬೀದರದಲ್ಲಿ, ಹೆಂಡತಿಯ ತವರು ಔರಾದ ತಾಲೂಕು, ಇಂಥ ಕಾರು, ಇಂತಿಷ್ಟು ರ್‍ಯಾಲಿ. ಎರಡು ಪುಟದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಆ ಜನವರಿಯ ಬಸ್ಸು ಹೊರಗೇ ಉಳಿಯಿತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಬೆಂಗಳೂರಿನ ನನ್ನ ಆಫೀಸಿನಲ್ಲಿ ಬೀದರ್ ಅಂದ್ರೆ "ಓ, ಮಹಾರಾಷ್ಟ್ರದ ಹತ್ರ ಅಲ್ವಾ?" ಅಂತಾರೆ. ಹತ್ತಿರ ಹೌದು. ಆದರೆ 1956ರ ನವೆಂಬರ್ 1ರವರೆಗೆ ಬೀದರ್, ಭಾಲ್ಕಿ, ಔರಾದ ಇವೆಲ್ಲ ಹೈದರಾಬಾದ್ ರಾಜ್ಯದೊಳಗಿದ್ದವು. ಆ ದಿನ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಉಳಿದದ್ದು ಮೈಸೂರಿಗೆ. ನಮ್ಮ ಕಡೆ ಇವತ್ತಿಗೂ ಒಂದೇ ಮನೆಯ ಅಕ್ಕ ತಂಗಿಯರು ಮೂರು ರಾಜ್ಯಗಳ ವೋಟರ್ ಕಾರ್ಡ್ ಇಟ್ಟುಕೊಂಡಿರೋದಕ್ಕೆ ಇದೇ ಕಾರಣ.

ಕಾಕಾನ ಲ್ಯಾಂಡ್‌ಮಾಸ್ಟರ್ 1956ರದ್ದೇ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಟೂ ಕಾರಿನ ಮಾದರಿಯಲ್ಲಿ ಮಾಡಿದ ಗಾಡಿ, ಅಂಬಾಸಿಡರ್‌ನ ಅಣ್ಣ ಅನ್ನಿ. ಗೇರು ಕೆಳಗಲ್ಲ, ಸ್ಟೇರಿಂಗ್ ಪಕ್ಕದಲ್ಲಿ. ಆ ವರ್ಷದ ಆರಂಭದಲ್ಲಿ ಒಬ್ಬ ವಕೀಲರು ಕೊಂಡಿದ್ದಂತೆ. ಹೈದರಾಬಾದ್ ರಾಜ್ಯದಲ್ಲಿ ನೋಂದಣಿಯಾಗಿ, ಅದೇ ವರ್ಷ ದೀಪಾವಳಿ ಹೊತ್ತಿಗೆ ಮೈಸೂರು ರಾಜ್ಯದ ಕಾರಾಯಿತು. 1973ರಲ್ಲಿ ಕರ್ನಾಟಕದ್ದು. ಶೆಡ್ಡಿನಿಂದ ಒಂದಿಂಚು ಕದಲದೆ ಮೂರು ರಾಜ್ಯ ನೋಡಿದ ಗಾಡಿ ಅದು. ನಂಬರ್ ಪ್ಲೇಟನ್ನು ಕಾಕಾ ಉಜ್ಜಿದಾಗ ಬಿಳಿ ಅಕ್ಷರದ ಕೆಳಗೆ ಇನ್ನೊಂದು ಬಿಳಿ ಅಕ್ಷರ, ಎಂವೈ ಕೆಳಗೆ ಎಚ್‌ವೈ ಮೂಡಿತ್ತು. ಅದನ್ನ ಮುಚ್ಚಲಿಲ್ಲ. ಹಾಗೇ ಬಿಟ್ಟು ಮೇಲೆ ವಾರ್ನಿಶ್ ಹೊಡೆದ. ಆರ್‌ಟಿಓದವರು ಕೇಳಿದರೆ ಅಂತ ನಾನು ಹೆದರಿಸಿದ್ದಕ್ಕೆ, "ಕೇಳ್ಲಿ ಬಿಡು, ಹಿಸ್ಟರಿ ಅದ ಅಂತೀನಿ" ಅಂದಿದ್ದ.

ಕಾರಿನ ಮಾತಿಗೆ ಮುಂಚೆ ಬಸ್ಸಿನ ಮಾತು. ಯಾಕಂದ್ರೆ ನಮ್ಮ ಮುತ್ಯಾನ ಕಾಲದಲ್ಲಿ ಮೋಟಾರು ಅಂದ್ರೆ ಬಸ್ಸೇ.

ನಿಜಾಮನ ಸರ್ಕಾರ 1930ರಲ್ಲಿ ರೈಲ್ವೆಯನ್ನು ಕಂಪನಿಯ ಕೈಯಿಂದ ತಾನೇ ತೆಗೆದುಕೊಂಡಿತು. ವಿಕಾರಾಬಾದಿನಿಂದ ಹೊರಟ ರೈಲು ಬೀದರಿಗೆ ಬಂದದ್ದು, ಭಾಲ್ಕಿ ದಾಟಿ ಪರಳಿಯ ಕಡೆ ಹೋದದ್ದು ಅದೇ ಆಸುಪಾಸಿನಲ್ಲಿ. ರೈಲು ಹೋಗದ ಕಡೆ ಬಸ್ಸು ಹೋಗಲಿ ಅಂತ 1932ರ ಜೂನ್ 15ರಂದು ರೈಲ್ವೆಯ ಅಡಿಯಲ್ಲೇ ರಸ್ತೆ ಸಾರಿಗೆಯ ಒಂದು ವಿಭಾಗ ಶುರುವಾಯಿತು. 27 ಬಸ್ಸು, 166 ನೌಕರರು. ಇಂಗ್ಲೆಂಡಿನಿಂದ ತರಿಸಿದ ಆಲ್ಬಿಯನ್ ಗಾಡಿಗಳು ಅನ್ನಲು ಹೊರಟಿದ್ದೆ, ಕಾಕಾ ಇದ್ದಿದ್ರೆ ತಡೆಯುತ್ತಿದ್ದ. ಆಲ್ಬಿಯನ್ ಸ್ಕಾಟ್ಲೆಂಡಿನ ಕಂಪನಿ, ಇಂಗ್ಲೆಂಡಿನದ್ದಲ್ಲ. ಇಂಥ ವಿಷಯದಲ್ಲಿ ಅವನು ಯಾರನ್ನೂ ಬಿಡುತ್ತಿರಲಿಲ್ಲ.

ಆ ಬಸ್ಸುಗಳ ನಂಬರಿನಲ್ಲಿ ಒಂದು ಜೆಡ್ ಅಕ್ಷರ ಇರುತ್ತಿತ್ತು. ನಿಜಾಮನ ತಾಯಿ ಜಹ್ರಾ ಬೇಗಂ ಹೆಸರಿನ ಮೊದಲಕ್ಷರ ಅಂತ ಹೈದರಾಬಾದಿನಲ್ಲಿ ಹೇಳ್ತಾರೆ. ಹೇಳುವ ಮಾತು ಹಾಗೇ ಇರಲಿ. ನಿಜಾಮನ ರೈಲ್ವೆ ಹೋಯಿತು, ನಿಜಾಮ ಹೋದ, ರಾಜ್ಯವೇ ಹೋಯಿತು, ಆದರೂ ಅಲ್ಲಿನ ಸರ್ಕಾರಿ ಬಸ್ಸುಗಳ ಪ್ಲೇಟಿನ ಮೇಲೆ ಆ ಜೆಡ್ ದಶಕಗಟ್ಟಲೆ ಉಳಿಯಿತು.

ಕಾಕಾನ ಉಸ್ತಾದರು ಈ ಬಸ್ಸಿನ ಡಿಪೋದಲ್ಲಿ ಕೆಲಸ ಕಲಿತವರು. 1960ರ ಹೊತ್ತಿಗೆ ಅವರು ಬೀದರದಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದರು. ಗ್ಯಾರೇಜು ಅಂದ್ರೆ ಒಂದು ಬೇವಿನ ಮರ, ಒಂದು ತಗಡಿನ ಶೆಡ್ಡು, ನೆಲದಲ್ಲಿ ಮನುಷ್ಯ ಇಳಿಯುವಷ್ಟು ಉದ್ದದ ಗುಂಡಿ. ಕಾಕಾನ ಬಾಯಲ್ಲಿ ಆ ಗುಂಡಿಯ ವರ್ಣನೆ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹದಿನಾಲ್ಕು ವರ್ಷದ ಹುಡುಗ. ಮೊದಲ ಆರು ತಿಂಗಳು ಪಾನಾ ಮುಟ್ಟಲಿಕ್ಕೆ ಬಿಡಲಿಲ್ಲವಂತೆ. ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು, ಉಸ್ತಾದರಿಗೆ ಚಹಾ ತರುವುದು, ಗುಂಡಿಯೊಳಗೆ ಇಳಿದು ಕಣ್ಣು ಮುಚ್ಚಿ ನಿಂತು ಎಂಜಿನ್ನಿನ ಸಪ್ಪಳ ಕೇಳುವುದು. "ಸುನೋ, ಬೋಲೋ" ಅಂತಿದ್ದರಂತೆ. ಕೇಳು, ಹೇಳು. ಟ್ಯಾಪೆಟ್ ಸಡಿಲಾದರೆ ಒಂದು ಸಪ್ಪಳ, ಬೇರಿಂಗ್ ಹೋಗಿದ್ದರೆ ಇನ್ನೊಂದು. ತಪ್ಪು ಹೇಳಿದರೆ ತಲೆಗೆ ಒಂದು ಮೊಟಕು.

ಕಾಕಾ ಕಲಿತದ್ದೆಲ್ಲ ದಖನಿ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗುಂಡಿಯಲ್ಲಿ ಉರ್ದು. ಅವನಿಗೆ ಕಾರಿನ ಯಾವ ಭಾಗಕ್ಕೂ ಕನ್ನಡದ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಅವನ ಅಪ್ಪ, ಅಂದ್ರೆ ನನ್ನ ಮುತ್ಯಾ, ಅಕ್ಷರ ಕಲಿತದ್ದು ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರ ಕಾಲದಲ್ಲಿ. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಕಥೆ ಅವರದ್ದು. ಕದ್ದು ಕನ್ನಡ ಕಲಿತವನ ಮಗ ಉರ್ದುವಿನಲ್ಲಿ ಅನ್ನದ ದಾರಿ ಕಲಿತ. ಮುತ್ಯಾನಿಗೆ ಇದು ಸರಿ ಕಾಣಲಿಲ್ಲ. ಎಷ್ಟು ಸರಿ ಕಾಣಲಿಲ್ಲ ಅಂದ್ರೆ, ಮಗ ಗ್ಯಾರೇಜು ಸೇರಿದ ಮೇಲೆ ಎರಡು ವರ್ಷ ಮಾತು ಬಿಟ್ಟಿದ್ದ.

ಯಾಕೆ ಅಂತ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತೆ.

1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ಊರಿಗೆ ಊರೇ ಮುತ್ತಿದರು. ಇನ್ನೂರರ ಆಸುಪಾಸು ಜನ ಸತ್ತರು ಅಂತಾರೆ. ನಮ್ಮ ಮುತ್ಯಾನ ಸೋದರತ್ತೆಯನ್ನ ಆ ಊರಿಗೆ ಕೊಟ್ಟಿದ್ದರು. ಆ ಮನೆಯಿಂದ ಉಳಿದು ಬಂದವಳು ಒಬ್ಬ ಹುಡುಗಿ ಮಾತ್ರ. ಮುತ್ಯಾ ಎರಡು ವರ್ಷದ ಕೂಸನ್ನು, ಅಂದ್ರೆ ಕಾಕಾನನ್ನು, ಆಯಿಯ ಕೈಯಲ್ಲಿ ಬಿಟ್ಟು ಸೊಲ್ಲಾಪುರದ ಕಡೆ ಗಡಿ ಶಿಬಿರಕ್ಕೆ ಹೋದ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಮುತ್ಯಾ ತಿರುಗಿ ಬಂದ. ನಮ್ಮ ಮನೆಯ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಶಾಲೆಯ ಭಾಷಣವೂ ಇಲ್ಲಿಗೇ ಮುಗಿಯುತ್ತಿತ್ತು.

ಉಸ್ತಾದರ ಮನೆಯ ಕಥೆ ಇಲ್ಲಿಂದ ಶುರು. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಹಳ್ಳಿ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಊರೂರು ತಿರುಗಿ ಬರೆದ ವರದಿ, ಸತ್ತವರ ಸಂಖ್ಯೆ ಕಡಿಮೆ ಅಂದ್ರೂ 27,000ದಿಂದ 40,000 ಅನ್ನುತ್ತದೆ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳ ಹೆಸರನ್ನೂ ಹೇಳುತ್ತದೆ. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಳ ಕಾಲ ಬೀರುವಿನಲ್ಲೇ ಇತ್ತು. ಉಸ್ತಾದರಿಗೆ ಇಬ್ಬರು ತಮ್ಮಂದಿರು. ಇಬ್ಬರೂ ಹಳ್ಳಿಯಲ್ಲಿದ್ದರು. ರಜಾಕಾರರಾಗಿದ್ದರೇ? ಕಾಕಾ ಒಮ್ಮೆ ಮಾತ್ರ ಹೇಳಿದ್ದ: "ಒಬ್ಬಂವ ಟೇಲರ್, ಇನ್ನೊಬ್ಬಂವ ಎಮ್ಮಿ ಕಾಯ್ತಿದ್ದ." ಅದರ ಮುಂದೆ ಮಾತಿಲ್ಲ.

ಗುಂಡಿಯೊಳಗೆ ಈ ಎರಡು ಮನೆಗಳು ಹದಿನೆಂಟು ವರ್ಷ ಒಟ್ಟಿಗೆ ಕೆಲಸ ಮಾಡಿದವು. ಇಬ್ಬರೂ ಆ ವಿಷಯ ಮಾತಾಡಿದರೇ ಅಂತ ನಾನು ಕೇಳಿದ್ದೆ. "ಎಂಜಿನ್ ಚಾಲೂ ಇರ್ತಿತ್ತು, ಏನೂ ಕೇಳ್ಸತಿರಲಿಲ್ಲ" ಅಂದ ಕಾಕಾ.

ಈಗ ಹಳದಿ ಕಾರು.

ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ನೋಡಿರುತ್ತೀರಿ. ಗಾಜಿನ ಹಿಂದೆ ಒಂದು ಹಳದಿ ರೋಲ್ಸ್ ರಾಯ್ಸ್, 1912ರ ಸಿಲ್ವರ್ ಘೋಸ್ಟ್. ಲಂಡನ್ನಿನ ಬಾರ್ಕರ್ ಕಂಪನಿ ಕಟ್ಟಿದ ಬಾಡಿ, ಮೇಲೆ ಗುಮ್ಮಟದಂಥ ಛಾವಣಿ, ಹಿಂದಿನ ಸೀಟು ಸಿಂಹಾಸನದ ಹಾಗೆ ಎತ್ತರ. ಅದಕ್ಕೇ ಅದನ್ನ ಸಿಂಹಾಸನದ ಕಾರು ಅಂತಾರೆ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ತರಿಸಲು ಹೇಳಿದ್ದು. ಕಾರು ಬರುವ ಮೊದಲೇ, 1911ರಲ್ಲಿ ತೀರಿಕೊಂಡ. ಮಗ ಉಸ್ಮಾನ್ ಅಲಿ ಖಾನ್ ಹಬ್ಬ ಹುಣ್ಣಿಮೆಯ ಮೆರವಣಿಗೆಗೆ ಮಾತ್ರ ಹೊರಗೆ ತೆಗೆಯುತ್ತಿದ್ದ. ನೂರು ವರ್ಷ ದಾಟಿದ ಕಾರು ಓಡಿದ್ದು ನಿಮ್ಮ ನನ್ನ ಕಾರು ಒಂದು ತಿಂಗಳಲ್ಲಿ ಓಡುವಷ್ಟೂ ಇರಲಿಕ್ಕಿಲ್ಲ.

ಆ ಉಸ್ಮಾನ್ ಅಲಿ ಖಾನನನ್ನೇ 1937ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತ್ಯಂತ ಶ್ರೀಮಂತ ಅಂತ ಮುಖಪುಟಕ್ಕೆ ಹಾಕಿತು. ಅದೇ ಹೊತ್ತಿನಲ್ಲಿ ಬೀದರ್ ಜಿಲ್ಲೆಯ ಎಷ್ಟೋ ಹಳ್ಳಿಗಳು ಪಾಯಗಾ, ಜಾಗೀರುಗಳ ಕೈಯಲ್ಲಿದ್ದವು. ಔರಾದ ಕಡೆಯ ರೈತ ಜೋಳ ಬೆಳೆದು ಯಾರಿಗೆ ಎಷ್ಟು ಕೊಡಬೇಕು ಅನ್ನೋದು ನಿಜಾಮನ ಸರ್ಕಾರಕ್ಕಿಂತ ಹೆಚ್ಚಾಗಿ ಆ ಜಾಗೀರುದಾರನ ಗುಮಾಸ್ತನಿಗೆ ಗೊತ್ತಿತ್ತು. ಕಾಕುನ ಅಪ್ಪ ಹೇಳ್ತಿದ್ದನಂತೆ, ಮಳೆಗಾಲದಲ್ಲಿ ಮಾಂಜ್ರಾ ತುಂಬಿದರೆ ಔರಾದ ಕಡೆಯವರಿಗೆ ಬೀದರ್ ಅಂದ್ರೆ ಪರದೇಶ ಇದ್ದ ಹಾಗೆ. ಹೊಳೆ ಇಳಿಯುವ ತನಕ ಕಾಯಬೇಕು, ಬಸುರಿಯಾದರೂ ಸರಿ, ಹಾವು ಕಡಿದವನಾದರೂ ಸರಿ. ಓಡದ ಆ ಹಳದಿ ಕಾರಿನ ಮುಂದೆ ನಿಂತಾಗಲೆಲ್ಲ ನನಗೆ ಬರುವ ಸಿಟ್ಟು ಇದೇ. ಕ್ಲಬ್ಬಿನವರ ಮುಂದೆ ಒಮ್ಮೆ ಹೇಳಿಬಿಟ್ಟೆ, ವಾತಾವರಣ ಸ್ವಲ್ಪ ಬಿಗಿಯಾಯಿತು. ಕಾಕಾ ನನ್ನ ಪರ ಬರಲಿಲ್ಲ. ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಗ್ಗಿ ನೋಡಿ, "ಪಾಪ, ಓಡ್ಲಿಕ್ಕಿ ಬಿಟ್ಟಿಲ್ಲ ಇದಕ್ಕ" ಅಂದ. ಕಾರಿಗೆ ಪಾಪ ಅಂದವನನ್ನ ಅವತ್ತೇ ನಾನು ಮೊದಲು ನೋಡಿದ್ದು.

ಉಸ್ಮಾನ್ ಅಲಿ ಖಾನ್ 1967ರ ಫೆಬ್ರವರಿ 24ರಂದು ಸತ್ತ. ಮಗನನ್ನು ಬಿಟ್ಟು ಮೊಮ್ಮಗ ಮುಕರ್ರಂ ಜಾಗೆ ಪಟ್ಟ ಅಂತ ಮೊದಲೇ ಬರೆದಿಟ್ಟಿದ್ದ. ಮುಕರ್ರಂ ಜಾ ಹುಟ್ಟಿದ್ದು 1933ರಲ್ಲಿ, ಫ್ರಾನ್ಸಿನ ನೀಸ್ ಊರಿನಲ್ಲಿ. ತಾಯಿ ತುರ್ಕಿಯ ಕೊನೆಯ ಖಲೀಫನ ಮಗಳು. ಓದಿದ್ದು ಡೂನ್, ಹ್ಯಾರೋ, ಕೇಂಬ್ರಿಜ್. ಹೈದರಾಬಾದ್ ಭಾರತಕ್ಕೆ ಸೇರಿದಾಗ ಹದಿನಾಲ್ಕರ ಹುಡುಗ. ಅಂದ್ರೆ ಕಾಕಾ ಗುಂಡಿಗೆ ಇಳಿದ ವಯಸ್ಸು.

1967ರ ಏಪ್ರಿಲ್ 6ರಂದು ಪಟ್ಟವಾಯಿತು. ರಾಜ್ಯವಿಲ್ಲದ ಪಟ್ಟ. ಇತಿಹಾಸಕಾರ ವಿಲಿಯಂ ಡಾಲ್ರಿಂಪಲ್ ಆ ಹೊತ್ತಿನ ಚಿತ್ರ ಕೊಟ್ಟಿದ್ದಾರೆ. ಹೊಸ ನಿಜಾಮರ ತಲೆಗೆ ಬಂದ ನೌಕರರು ಮತ್ತು ಅವಲಂಬಿತರ ಸಂಖ್ಯೆ 14,718. ಗಾಜಿನ ದೀಪಗುಚ್ಛಗಳ ಧೂಳು ಒರೆಸಲಿಕ್ಕೇ ಅಂತ 38 ಜನ. ಗ್ಯಾರೇಜಿನಲ್ಲಿ 60 ಕಾರು, ಪೆಟ್ರೋಲು ಮತ್ತು ಬಿಡಿಭಾಗಕ್ಕೆ ವರ್ಷಕ್ಕೆ 45,000 ಪೌಂಡಿನ ಲೆಕ್ಕ. ಅರವತ್ತರಲ್ಲಿ ಓಡುತ್ತಿದ್ದವು ನಾಲ್ಕು. ಪಟ್ಟಾಭಿಷೇಕ ಮುಗಿಸಿ ಹೊರಟ ಕಾರೂ ದಾರಿಯಲ್ಲಿ ಕೆಟ್ಟು ನಿಂತಿತಂತೆ.

ಇದನ್ನ ಕಾಕಾನಿಗೆ ಓದಿ ಹೇಳಿದಾಗ ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಸುಮ್ಮನಾಗಿ ಕೇಳಿದ, "ಐವತ್ತಾರು ಗಾಡಿ ನಿಂತಾವಂದ್ರ ಪೆಟ್ರೋಲ್ ಯಾರ ಕುಡದ್ರು?"

ಒಳ್ಳೆ ಪ್ರಶ್ನೆ. ನೀವು ಯಾವುದಾದರೂ ದೊಡ್ಡ ಕಂಪನಿಯಲ್ಲಿ ಸರ್ವರ್ ಬಿಲ್ ನೋಡುವ ಕೆಲಸ ಮಾಡುತ್ತಿದ್ದರೆ ಉತ್ತರ ಗೊತ್ತಿರುತ್ತೆ.

ಸುತ್ತಲೂ ಕೇಸು, ವಾರಸುದಾರರ ಜಗಳ, ತೆರಿಗೆ. ಇದರ ನಡುವೆ ಹೊಸ ನಿಜಾಮರು ಗ್ಯಾರೇಜಿನಲ್ಲಿ ಹೊತ್ತು ಕಳೆಯುತ್ತಿದ್ದರು. ಬರಿ ನೋಡುತ್ತಾ ಅಲ್ಲ, ಕೈ ಮಸಿ ಮಾಡಿಕೊಂಡು. ಕೆಟ್ಟು ನಿಂತ ಎಂಜಿನ್ ಬಿಚ್ಚೋದು, ಸರಿ ಮಾಡೋದು. 1971ರಲ್ಲಿ ರಾಜಧನ ರದ್ದಾಯಿತು. 70ರ ದಶಕದ ಆರಂಭದಲ್ಲಿ ಅವರು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಮರ್ಚಿಸನ್ ಹೌಸ್ ಅನ್ನುವ ಲಕ್ಷಗಟ್ಟಲೆ ಎಕರೆಯ ಕುರಿ ಫಾರಂ ಕೊಂಡರು. ಜಾನ್ ಜುಬ್ರಿಝಿಕಿ ಬರೆದ ಅವರ ಜೀವನಚರಿತ್ರೆಯಲ್ಲಿ ಆ ಭಾಗ ಓದಬೇಕು. ಅರಮನೆಯ ವಾರಸುದಾರ ಬುಲ್ಡೋಜರ್ ಓಡಿಸುತ್ತಾ, ಹಳೇ ಯಂತ್ರ ಗುಡ್ಡೆ ಹಾಕಿಕೊಂಡು ರಿಪೇರಿ ಮಾಡುತ್ತಾ ಖುಷಿಯಾಗಿದ್ದ. ಅದೂ ಉಳಿಯಲಿಲ್ಲ. ಸಾಲ, ಕೋರ್ಟು. ಕೊನೆಗೆ ತುರ್ಕಿ. 2023ರ ಜನವರಿ 14ರಂದು ಇಸ್ತಾಂಬುಲ್‌ನಲ್ಲಿ ತೀರಿಕೊಂಡರು.

ನನಗೆ ಅವರ ಬಗ್ಗೆ ದೊಡ್ಡ ಗೌರವವೇನಿಲ್ಲ. ಅಷ್ಟು ಜನ, ಅಷ್ಟು ಆಸ್ತಿ, ಅಷ್ಟು ಹೊಣೆ ಬಿಟ್ಟು ಎಂಜಿನ್ನಿನ ಹಿಂದೆ ಓಡುವುದು ಒಂಥರಾ ತಪ್ಪಿಸಿಕೊಳ್ಳುವಿಕೆಯೇ. ಆದರೆ ಕಾಕಾ ಈ ಕಥೆಯನ್ನ ಬೇರೆ ಥರ ಕೇಳಿಸಿಕೊಂಡಿದ್ದ ಅಂತ ನನಗೆ ಆಮೇಲೆ ಗೊತ್ತಾಯಿತು.

ಲ್ಯಾಂಡ್‌ಮಾಸ್ಟರ್ ವಿಷಯಕ್ಕೆ ಬರೋಣ. ಕಾಕಾನಿಗೆ ಅದು ಸಿಕ್ಕಿದ್ದು 1991ರಲ್ಲಿ, ಉದಗೀರದ ಒಬ್ಬ ಗುಜರಿಯವನ ಹತ್ತಿರ, ಒಳಗೆ ಕೋಳಿ ಸಾಕಿದ್ದ ಸ್ಥಿತಿಯಲ್ಲಿ. ಎಂಜಿನ್ ಇರಲಿಲ್ಲ. ಒಂದು ಅಂಬಾಸಿಡರ್‌ನ 1489 ಸಿಸಿ ಎಂಜಿನ್ ತಂದು ಕೂರಿಸಿದ. ರೇಡಿಯೇಟರ್ ಒಂದು ಮೆಟಡಾರ್‌ನದು. ಸೀಟಿನ ಸ್ಪ್ರಿಂಗು ಹಳೇ ಸೋಫಾದ್ದು. ಹಿಂದಿನ ಲೈಟಿನ ಗಾಜು ಎಲ್ಲೂ ಸಿಗದೆ, ಕೆಂಪು ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಉಜ್ಜಿ ಉಜ್ಜಿ ತಾನೇ ಮಾಡಿದ. ಕಾರಿಗೆ ಬಳಿದ ಬಣ್ಣ ಮಾತ್ರ ಮೂಲದ್ದೇ ತಿಳಿ ಹಸಿರು, ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದೆ ಉಳಿದಿದ್ದ ಅಂಗುಲದಷ್ಟು ಜಾಗ ನೋಡಿ ಬೆರೆಸಿದ್ದು.

ಕ್ಲಬ್ಬು ಸೇರಿದ ಮೊದಲ ರ್‍ಯಾಲಿಯಲ್ಲೇ ತಕರಾರು. ಒಬ್ಬರು ಬಾನೆಟ್ ಎತ್ತಿ ನೋಡಿ, "ಇದು ಒರಿಜಿನಲ್ ಅಲ್ಲ" ಅಂದರು. ಇನ್ನೊಬ್ಬರು ವಿಂಟೇಜ್ ಅಂದ್ರೆ 1930ರೊಳಗಿನದು, ಇದು ಬರಿ ಕ್ಲಾಸಿಕ್ ಅಂದರು. ಅವರು ಹೇಳಿದ್ದು ತಪ್ಪೇನಲ್ಲ. 1934ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹಾಕಿದ ಗೆರೆ ಅದು, 1930ರ ಡಿಸೆಂಬರ್ ಕೊನೆಗೆ ನಿಲ್ಲುತ್ತೆ. ನಮ್ಮ ಸರ್ಕಾರದ ಗೆರೆ ಬೇರೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ದೊಡ್ಡದಾಗಿ ಬದಲಾಯಿಸದ ಗಾಡಿ ವಿಂಟೇಜ್. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ. ಆದರೆ ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ಹೊರಗೆ ತೆಗೆಯಬೇಕು.

ಕಾಕಾ ಇದನ್ನ ನನ್ನ ಕೈಲಿ ಎರಡು ಸಲ ಓದಿಸಿದ. "ಅಂದ್ರ ಔರಾದಿಗೆ ಹೋಗಂಗಿಲ್ಲ?"

"ರ್‍ಯಾಲಿ ಇದ್ರೆ ಹೋಗಬಹುದು."

"ಕಾಕುನ ತವರಿಗೆ ಹೋಗೂದು ಯಾವ ರ್‍ಯಾಲಿಲೇ?"

ಅರ್ಜಿ ಹಾಕಲೇ ಇಲ್ಲ. ಅವನ ಕಾರು ಮದುವೆಗೆ ಹೋಗುತ್ತಿತ್ತು. ಔರಾದಿನ ಅಮರೇಶ್ವರ ಜಾತ್ರೆಗೆ ಹೋಗುತ್ತಿತ್ತು. ಹಳ್ಳಿಯ ಹುಡುಗರನ್ನ ಪರೀಕ್ಷೆ ದಿನ ಭಾಲ್ಕಿಗೆ ಬಿಟ್ಟು ಬರುತ್ತಿತ್ತು. ದುಡ್ಡು ತಗೊಳ್ತಿದ್ದನಾ ಅಂದ್ರೆ, ಪೆಟ್ರೋಲ್ ಹಾಕಿಸಿದರೆ ಬೇಡ ಅನ್ನುತ್ತಿರಲಿಲ್ಲ. ಮಾಂಜ್ರಾ ಸೇತುವೆಯ ಮೇಲೆ ಒಂದು ಸಲ ನಿಲ್ಲಿಸಿ, ಇಳಿದು, ನೀರು ನೋಡಿ, ಮತ್ತೆ ಹೊರಡುತ್ತಿದ್ದ. ಎಂಜಿನ್ ತಣ್ಣಗಾಗಲಿ ಅಂತ ಹೇಳುತ್ತಿದ್ದ, ಆದರೆ ಡಿಸೆಂಬರ್ ಚಳಿಯಲ್ಲೂ ನಿಲ್ಲಿಸುತ್ತಿದ್ದ.

ಒರಿಜಿನಲ್ ಅಲ್ಲ ಅಂದವರಿಗೆ ಅವತ್ತು ಅವನು ಕೊಟ್ಟ ಉತ್ತರ ಕ್ಲಬ್ಬಿನಲ್ಲಿ ಈಗಲೂ ಹೇಳ್ತಾರಂತೆ. ಬಾನೆಟ್ ಇಳಿಸಿ, ಕೈ ಒರೆಸಿಕೊಂಡು, "ಸಾಬ್, ನನ್ನ ಹಲ್ಲೂ ಒರಿಜಿನಲ್ ಅಲ್ರಿ, ಊಟ ಮಾಡ್ತೀನಿ" ಅಂದನಂತೆ. ತಕರಾರು ತೆಗೆದವರೇ ಮುಂದೆ ಅವನ ಆಪ್ತರಾದರು. ತಮ್ಮ ಕಾರಿನ ಕಾರ್ಬುರೇಟರ್ ಟ್ಯೂನ್ ಮಾಡಿಸಲು ಹೈದರಾಬಾದಿನಿಂದ ಬೀದರಿಗೆ ಬರುತ್ತಿದ್ದರು. ಅವನು ಮೀಟರ್ ಬಳಸುತ್ತಿರಲಿಲ್ಲ. ಒಂದು ರಬ್ಬರ್ ಕೊಳವೆಯ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್‌ನ ಬಾಯಿಗೆ. ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದ. ಸುನೋ, ಬೋಲೋ.

ಮತ್ತೆ ಆ ಜನವರಿ 18. ನಿಜಾಮರ ಪಾರ್ಥಿವ ಶರೀರವನ್ನ ಚೌಮಹಲ್ಲಾ ಅರಮನೆಯಲ್ಲಿ ಜನ ನೋಡಲಿಕ್ಕೆ ಇಟ್ಟಿದ್ದರು. ಸಂಜೆ ಮೆಕ್ಕಾ ಮಸೀದಿಯ ಆವರಣದಲ್ಲಿ, ಪೂರ್ವಜರ ಸಮಾಧಿಗಳ ಸಾಲಿನಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ಕಾಕಾ ಸಾಲಿನಲ್ಲಿ ನಿಂತು, ನೋಡಿ, ಮಧ್ಯಾಹ್ನದ ಬಸ್ಸಿಗೆ ಹೊರಟು ರಾತ್ರಿ ಬೀದರ್ ಮುಟ್ಟಿದ. ನಾನು ಫೋನ್ ಮಾಡಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ ಅನ್ನಿ. ಮುತ್ಯಾ ಇದ್ದಿದ್ರೆ ಏನಂತಿದ್ದ? ಗೋರಟಾದ ಅತ್ತೆಯ ಮನೆ ಮರೆತೆಯಾ?

ಆ ಕಡೆ ಬಹಳ ಹೊತ್ತು ಮಾತಿಲ್ಲ. ಹಿಂದೆ ಕಾಕು ಪಾತ್ರೆ ತೊಳೆಯುವ ಸದ್ದು.

"ಮರತಿಲ್ಲ" ಅಂದ. "ಸತ್ತಂವ ಆಗ ಹುಡುಗ ಇದ್ದ. ನಾನೂ ಕೂಸ ಇದ್ದೆ. ಅಂವಗ ಅಜ್ಜನ ಗಾಡಿ ಬಂದ್ವು, ನನಗ ಅಪ್ಪನ ಸಿಟ್ಟು ಬಂತು. ಇಬ್ಬರೂ ಗ್ಯಾರೇಜಿಗೆ ಓಡಿ ಹೋದ್ವಿ."

ಆಮೇಲೆ, "ಮಿಸ್ತ್ರಿಗೆ ಮಿಸ್ತ್ರಿ ನೋಡ್ಲಕ್ಕ ಹೋಗಬೇಕಲಾ" ಅಂತ ಸೇರಿಸಿದ.

ನಾನು ವಾದ ಮಾಡಬಹುದಿತ್ತು. ಇಬ್ಬರ ಗ್ಯಾರೇಜೂ ಒಂದೇ ಅಲ್ಲ, ಒಬ್ಬನ ಗ್ಯಾರೇಜಿಗೆ ದುಡ್ಡು ಎಲ್ಲಿಂದ ಬಂತು ಅಂತ ನಿನಗೇ ಗೊತ್ತು ಅನ್ನಬಹುದಿತ್ತು. ಈಗಲೂ ನನಗೆ ಹಾಗೇ ಅನ್ನಿಸುತ್ತೆ. ಕಾಕಾನ ಮಾತನ್ನ ನಾನು ಪೂರ್ತಿ ಒಪ್ಪಿಲ್ಲ. ಆ ರಾತ್ರಿ ಮಾತ್ರ, "ಕಾರು ನೋಡಿದೆಯಾ, ಹಳದೀದು?" ಅಂತ ಕೇಳಿದೆ.

"ಇಲ್ಲ. ಜನ ಭಾಳ ಇದ್ರು. ಮತ್ತ ಅದು ಎಲ್ಲಿ ಹೋಗ್ತದ, ಅಲ್ಲೇ ಇರ್ತದ."

ಮತ್ತೆ ನೋಡಲಾಗಲಿಲ್ಲ. ಮರುವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಉಂಡು ಮಲಗಿದವನು ಏಳಲಿಲ್ಲ. ಆ ಸೆಪ್ಟೆಂಬರ್ 17ಕ್ಕೆ ಲ್ಯಾಂಡ್‌ಮಾಸ್ಟರ್ ಶೆಡ್ಡಿನಲ್ಲೇ ಇತ್ತು.

ಕಾರು ಏನು ಮಾಡೋದು ಅನ್ನುವ ಮಾತು ಬಂತು. ಕ್ಲಬ್ಬಿನ ಒಬ್ಬರು ಒಳ್ಳೆ ಬೆಲೆಗೇ ಕೇಳಿದರು. ಕಾಕು ಆಗಲಿ ಅಂದಳು, ಎರಡು ದಿನ ಬಿಟ್ಟು ಬೇಡ ಅಂದಳು. ಭಾಲ್ಕಿಯಲ್ಲಿರುವ ನನ್ನ ತಮ್ಮನ ಹೆಸರಿಗೆ ಮಾಡೋಣ ಅಂದ್ರೆ ಅದು ಬೇರೆ ಆರ್‌ಟಿಓ. ಬೀದರದ್ದು ಕೆಎ 38, ಭಾಲ್ಕಿಯದ್ದು ಕೆಎ 39. ಕಚೇರಿಯ ಕಿಟಕಿಯಲ್ಲಿ ಕೂತವರು ಕಾಗದ ನೋಡಿ, "ಇಷ್ಟು ಹಳೇದು ಕಂಪ್ಯೂಟರಿನಲ್ಲಿ ಇಲ್ಲ" ಅಂದರು. ಆ ಕಥೆ ಇನ್ನೂ ನಡೆಯುತ್ತಿದೆ, ಇಲ್ಲಿ ಬೇಡ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಬ್ಯಾಟರಿ ಸತ್ತಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದೆ, ಕಾಕಾ ಹೇಳಿಕೊಟ್ಟ ಹಾಗೆ ಹೆಬ್ಬೆರಳನ್ನು ಒಳಗೆ ಮಡಚದೆ. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತೆ. ಹತ್ತು ಸಲ, ಹದಿನೈದು ಸಲ. ಒಂದೇ ಒಂದು ಕೆಮ್ಮು, ಮತ್ತೆ ಮೌನ. ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಸ್ಕೂಟರಿನ ಮೇಲೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಕಿವಿಯಲ್ಲಿ ಬ್ಲೂಟೂತ್. ಉಸ್ತಾದರ ಮೊಮ್ಮಗನ ಮಗ. ಈಗ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇಂಥ ಎಂಜಿನ್ನಿಗೆ ಕೈ ಹಾಕಿದ್ದು ಕಡಿಮೆಯಂತೆ, ಕಾಕಾನ ಹತ್ತಿರ ಬಂದು ಕೂತದ್ದು ಮಾತ್ರ ಹೆಚ್ಚು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ನೋಡಿದ, ಪಾಲಿಶ್ ಕಾಗದ ಮಡಚಿ ನಡುವೆ ಎಳೆದ. ಮುಚ್ಚಳ ಹಾಕಿದ. ಕಿವಿಯಿಂದ ಬ್ಲೂಟೂತ್ ತೆಗೆದು ಜೇಬಿಗೆ ಹಾಕಿಕೊಂಡ.

"ಅಣ್ಣಾ, ನೀವು ತಿರುಗಿಸ್ರಿ" ಅಂದ. "ನಾ ಕೇಳ್ತೀನಿ."